ಗವಿಗೆ ಹೊರಡುವ ಮುನ್ನ: ಬಾವಲಿ, ರೋಗ ಮತ್ತು ನಮ್ಮ ಚಾರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ರಾತ್ರಿ ಹತ್ತರ ಹೊತ್ತಿಗೆ ಬೆಂಗಳೂರಿನ ಮೆಟ್ರೊ ನಿಲ್ದಾಣಗಳ ಬಳಿ ಟೆಂಪೊ ಟ್ರಾವೆಲರ್‌ಗಳು ಬಂದು ನಿಲ್ಲುತ್ತವೆ. ಬೆನ್ನಿಗೆ ಚೀಲ, ಕೈಯಲ್ಲಿ ಟಾರ್ಚು ಹಿಡಿದವರು ಅಂತರಗಂಗೆಗೋ ಸಿದ್ಧರಬೆಟ್ಟಕ್ಕೋ ಹೊರಡುತ್ತಾರೆ. ಹತ್ತು ವರ್ಷಗಳಿಂದ ನಾನೂ ಇಂಥ ಗುಂಪುಗಳನ್ನು ಕರೆದುಕೊಂಡು ಹೋಗುತ್ತಿದ್ದೇನೆ. ದಾರಿಯುದ್ದಕ್ಕೂ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕೆಲವಕ್ಕೆ ಬಸ್ಸಿನ ಗದ್ದಲದಲ್ಲಿ ಸರಿಯಾಗಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಬೆಂಗಳೂರಿನ ಸುತ್ತ ನಿಜವಾದ ಗವಿಗಳು ಇವೆಯೇ?

ಇವೆ. ಆದರೆ ಮೇಘಾಲಯದಲ್ಲಿರುವಂಥವಲ್ಲ. ಅಲ್ಲಿ ನೀರು ಸುಣ್ಣಕಲ್ಲನ್ನು ಕರಗಿಸಿ ಮೈಲಿಗಟ್ಟಲೆ ಸುರಂಗಗಳನ್ನು ಮಾಡಿದೆ. ನಮ್ಮ ನೆಲ ಗ್ರಾನೈಟ್ ಮತ್ತು ನೈಸ್ ಶಿಲೆಯದು. ಅದು ಹಾಗೆ ಕರಗುವುದಿಲ್ಲ. ಬೆಟ್ಟದ ಬಂಡೆಗಳು ಬಿಸಿಲು ಮಳೆಗೆ ಸೀಳಿ, ಉರುಳಿ, ಒಂದರ ಮೇಲೊಂದು ಒರಗಿ ನಿಂತಾಗ ನಡುವೆ ಉಳಿದ ಸಂದುಗಳೇ ನಮ್ಮ ಗವಿಗಳು. ಕೋಲಾರದ ಅಂತರಗಂಗೆಯಲ್ಲಿ, ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ, ರಾಮನಗರದ ಬೆಟ್ಟಗಳಲ್ಲಿ ಇರುವುದು ಇಂಥವೇ. ಹೆಚ್ಚಿನವು ಸಣ್ಣವು, ಒಂದೆರಡು ಕೋಣೆಗಳಷ್ಟು ಜಾಗ. ಈ ಸಣ್ಣತನ ಮುಂದಿನ ಎಲ್ಲ ಮಾತಿಗೂ ಮುಖ್ಯ. ದೊಡ್ಡ ಸುರಂಗದಲ್ಲಿ ಮನುಷ್ಯ ಬಂದರೆ ಬಾವಲಿ ಇನ್ನೊಂದು ಕವಲಿಗೆ ಸರಿಯಬಹುದು. ಬಂಡೆಸಂದಿನಲ್ಲಿ ಅದಕ್ಕೆ ಸರಿಯುವ ಜಾಗವೇ ಇರುವುದಿಲ್ಲ.

ಅಮೆರಿಕದಲ್ಲಿ ಬಾವಲಿಗಳನ್ನು ಕೊಂದ ಆ ‘ಬಿಳಿಮೂಗಿನ ರೋಗ’ ಏನು?

2006ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಹೋವ್ಸ್ ಗುಹೆಯಲ್ಲಿ ಗವಿ ಸುತ್ತುವ ಹವ್ಯಾಸಿಯೊಬ್ಬರು ತೆಗೆದ ಚಿತ್ರದಲ್ಲಿ ಬಾವಲಿಗಳ ಮೂಗಿನ ಮೇಲೆ ಹಿಟ್ಟು ಮೆತ್ತಿದಂತೆ ಬಿಳಿ ಬೂಷ್ಟು ಕಂಡಿತು. ಮೊದಲ ಸಾಕ್ಷ್ಯ ಸಿಕ್ಕಿದ್ದು ವಿಜ್ಞಾನಿಯಿಂದಲ್ಲ, ಹವ್ಯಾಸಿಯ ಕ್ಯಾಮೆರಾದಿಂದ ಎಂಬುದನ್ನು ನಾನು ಪ್ರತಿ ಗುಂಪಿಗೂ ಹೇಳುತ್ತೇನೆ. ಮರುವರ್ಷದ ಚಳಿಗಾಲದಲ್ಲಿ ಸತ್ತ ಬಾವಲಿಗಳು ರಾಶಿ ರಾಶಿಯಾಗಿ ಸಿಕ್ಕವು.

ಕಾರಣ ಒಂದು ಶಿಲೀಂಧ್ರ. ಈಗ ಅದರ ಹೆಸರು ಸ್ಯೂಡೊಜಿಮ್ನೊಆಸ್ಕಸ್ ಡಿಸ್ಟ್ರಕ್ಟನ್ಸ್. ಅದು ತಂಪಿನಲ್ಲಿ ಬೆಳೆಯುತ್ತದೆ. ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳವಣಿಗೆ ನಿಲ್ಲುತ್ತದೆ. ಅಲ್ಲಿನ ಬಾವಲಿಗಳು ಚಳಿಗಾಲದ ತಿಂಗಳುಗಳಲ್ಲಿ ಉಣ್ಣದೆ, ಮೈ ತಣ್ಣಗೆ ಮಾಡಿಕೊಂಡು, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಮಲಗಿರುತ್ತವೆ. ಬೂಷ್ಟು ರೆಕ್ಕೆಯ ತೊಗಲನ್ನು ಕೊರೆದಾಗ ಅವು ಮತ್ತೆ ಮತ್ತೆ ಎಚ್ಚರಗೊಳ್ಳುತ್ತವೆ. ಪ್ರತಿ ಎಚ್ಚರಕ್ಕೂ ಕೊಬ್ಬು ಕರಗುತ್ತದೆ. ಹೊರಗೆ ಹಿಮ, ತಿನ್ನಲು ಒಂದು ಹುಳುವೂ ಇಲ್ಲ. ವಸಂತ ಬರುವ ಮೊದಲೇ ಹಸಿವಿನಿಂದ ಸಾಯುತ್ತವೆ. ಸತ್ತ ಬಾವಲಿಗಳ ಲೆಕ್ಕ ಹತ್ತಾರು ಲಕ್ಷ. ಮೂರು ಜಾತಿಗಳಲ್ಲಿ ಶೇ 90ಕ್ಕೂ ಹೆಚ್ಚು ನಾಶವಾಗಿವೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುವ ಪ್ರಾಣಿ. ಕಳೆದುಹೋದ ಸಂಖ್ಯೆ ಇಲಿಗಳಂತೆ ನಾಲ್ಕು ತಿಂಗಳಲ್ಲಿ ತುಂಬಿಕೊಳ್ಳುವುದಿಲ್ಲ.

ಇದೇ ಶಿಲೀಂಧ್ರ ಯುರೋಪಿನಲ್ಲೂ ಚೀನಾದಲ್ಲೂ ಇದೆ. ಅಲ್ಲಿನ ಬಾವಲಿಗಳು ಅದರೊಂದಿಗೆ ಬಹುಕಾಲದಿಂದ ಬದುಕಿ ಬಂದಿವೆ, ಹೀಗೆ ಸಾಯುವುದಿಲ್ಲ. ಅಮೆರಿಕದ ಬಾವಲಿಗಳಿಗೆ ಅದು ಹೊಸದು. ಯಾರದೋ ಬೂಟಿನ ಮಣ್ಣಿನಲ್ಲೋ ಬಟ್ಟೆಯಲ್ಲೋ ಸಾಗರ ದಾಟಿ ಬಂದಿರಬೇಕು ಎಂಬುದು ವಿಜ್ಞಾನಿಗಳ ಬಲವಾದ ಊಹೆ.

ಆ ರೋಗ ನಮ್ಮ ಗವಿಗಳಿಗೆ ಬರುತ್ತದೆಯೇ?

ಭಾರತದಲ್ಲಿ ಈ ರೋಗ ಕಂಡ ದಾಖಲೆ ಇಲ್ಲ. ಕೋಲಾರ, ತುಮಕೂರು, ರಾಮನಗರದ ಬಂಡೆಗವಿಗಳು ಈ ಬೂಷ್ಟಿಗೆ ಒಗ್ಗದಷ್ಟು ಬೆಚ್ಚಗಿವೆ. ನಮ್ಮ ಬಾವಲಿಗಳು ಅಲ್ಲಿನಂತೆ ತಿಂಗಳುಗಟ್ಟಲೆ ಮಲಗುವುದೂ ಇಲ್ಲ. ಆದ್ದರಿಂದ ಅಂತರಗಂಗೆಯಲ್ಲಿ ಬಿಳಿಮೂಗಿನ ರೋಗ ಹಬ್ಬೀತೆಂದು ನಾನು ಯಾರನ್ನೂ ಹೆದರಿಸುವುದಿಲ್ಲ. ಹೆದರಿಸಿ ಕೆಲಸ ಮಾಡಿಸುವುದು ನನಗೆ ಒಪ್ಪಿಗೆಯೂ ಅಲ್ಲ.

ಆದರೆ ಬೆಂಗಳೂರಿಗರ ಬೂಟು ಬೆಂಗಳೂರಿನಲ್ಲೇ ಇರುವುದಿಲ್ಲ. ಕಂಪನಿ ಕೆಲಸಕ್ಕೆ ಅಮೆರಿಕಕ್ಕೆ ಹೋದವರು ವಾರಾಂತ್ಯದಲ್ಲಿ ಅಲ್ಲಿನ ಗುಹೆ ನೋಡಿರುತ್ತಾರೆ, ಆರು ತಿಂಗಳ ಬಳಿಕ ಅದೇ ಬೂಟು ತೊಟ್ಟು ಹಿಮಾಲಯದ ಚಾರಣಕ್ಕೆ ಹೊರಡುತ್ತಾರೆ. ಹಿಮಾಲಯದಲ್ಲಿ ತಂಪು ಗುಹೆಗಳಿವೆ, ಚಳಿಗೆ ಮಲಗುವ ಬಾವಲಿಗಳಿವೆ. ಈ ಶಿಲೀಂಧ್ರವಾದರೋ ಬಾವಲಿಯೇ ಇಲ್ಲದ ಗುಹೆಯ ಮಣ್ಣಿನಲ್ಲೂ ವರ್ಷಗಟ್ಟಲೆ ಜೀವ ಹಿಡಿದಿರಬಲ್ಲದು. ಕೆಂಟಕಿಯ ಮ್ಯಾಮತ್ ಗುಹೆಯಿಂದ ಹೊರಬರುವ ಪ್ರತಿಯೊಬ್ಬ ಪ್ರವಾಸಿಯೂ ಸೋಪುನೀರಿನ ಚಾಪೆಯ ಮೇಲೆ ನಡೆದೇ ಬರಬೇಕೆಂಬ ನಿಯಮ ಇರುವುದು ಇದಕ್ಕೇ. ನಮ್ಮ ಗುಂಪಿನಲ್ಲಿ ನಿಯಮ ಸರಳ: ಹೊರದೇಶದ ಗುಹೆಯೊಳಗೆ ಹೊಕ್ಕ ಬೂಟು, ಬಟ್ಟೆ, ಹಗ್ಗ ಇಲ್ಲಿನ ಯಾವ ಗವಿಗೂ ಬೇಡ.

ಹಾಗಾದರೆ ಇಲ್ಲಿನ ಬಾವಲಿಗಳ ಬಗ್ಗೆ ಇಷ್ಟು ಚಿಂತೆ ಏಕೆ?

ನಮ್ಮ ಮನೆಯ ಹತ್ತಿರದ ಒಂದು ಸಂಗತಿ ಹೇಳುತ್ತೇನೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದು ಗವಿಯಲ್ಲಿ ಕೋಲಾರದ ಎಲೆಮೂಗಿನ ಬಾವಲಿ ಎಂಬ ಜಾತಿ ಇದೆ. ವಿಜ್ಞಾನ ಅದಕ್ಕೆ ಹಿಪ್ಪೊಸಿಡೆರಸ್ ಹೈಪೊಫಿಲಸ್ ಎಂದು ಹೆಸರಿಟ್ಟಿದ್ದು 1994ರಲ್ಲಿ. ಹಿಂದೆ ತೇರಹಳ್ಳಿಯ ಗವಿಯಲ್ಲೂ ಇತ್ತು, ಅಲ್ಲಿಂದ ಅಳಿದುಹೋಯಿತು. ಈಗ ಅದರ ನೆಲೆಯೆಂದು ತಿಳಿದಿರುವುದು ಹನುಮನಹಳ್ಳಿಯೊಂದೇ. ಸಂಖ್ಯೆ ಇನ್ನೂರಕ್ಕಿಂತ ಕಡಿಮೆ. ನಮ್ಮ ಒಂದು ಮದುವೆಮನೆಯ ಮೊದಲ ಪಂಕ್ತಿಯಲ್ಲಿ ಕೂರುವ ಜನರಿಗಿಂತ ಹೆಚ್ಚಿಲ್ಲ. 2016ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ತೀವ್ರ ಅಪಾಯದ ಅಂಚಿನ ಪಟ್ಟಿಗೆ ಸೇರಿಸಿತು. ಸುತ್ತ ಗ್ರಾನೈಟ್ ಗಣಿಗಾರಿಕೆಯ ಕಾಟವಿತ್ತು. ಬೆಂಗಳೂರಿನ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಅರಣ್ಯ ಇಲಾಖೆಯ ಜೊತೆ ಈ ಬಾವಲಿಗಾಗಿ ದುಡಿಯಿತು. ಗವಿಯ ಸುತ್ತಲಿನ 30 ಎಕರೆಗೆ ಸರ್ಕಾರದ ರಕ್ಷಣೆಯೂ ಸಿಕ್ಕಿತು.

ಬೆಂಗಳೂರಿನಿಂದ ಎರಡು ಗಂಟೆಯ ದಾರಿಯಲ್ಲಿ ಒಂದು ಇಡೀ ಜಾತಿಯ ಬದುಕು ಒಂದು ಗವಿಯ ಚಾವಣಿಗೆ ನೇತುಬಿದ್ದಿದೆ. ಅಲ್ಲಿಗೆ ಒಂದು ಸೋಂಕು ಹೊಕ್ಕರೆ, ಒಂದು ರಾತ್ರಿ ಯಾರೋ ಬೆಂಕಿ ಹಾಕಿದರೆ, ಜಗತ್ತಿನಲ್ಲಿ ಬೇರೆಲ್ಲಿಂದಲೂ ಅದನ್ನು ತರಲಾಗದು. ನನ್ನ ಎಲ್ಲ ಕಟ್ಟುನಿಟ್ಟೂ ಇಲ್ಲಿಂದ ಹುಟ್ಟಿದ್ದು.

ರಾಜ್ಯದ ಉತ್ತರದಲ್ಲೂ ಇಂಥದೇ ಒಂದಿದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಬಾರಾಪೆಡೆ ಗವಿಗಳು ರಾಟನ್‌ರ ಬಾಲಬಿಟ್ಟ ಬಾವಲಿ ಎಂಬ ಜಾತಿಯ ನೆಲೆ. ಅದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅಲ್ಲಿ ಪತ್ತೆಯಾಗಿತ್ತು. 2011ರಲ್ಲಿ ಆ ಕಾಡು ಭೀಮಗಡ ವನ್ಯಜೀವಿ ಧಾಮವಾಯಿತು.

ನಾವು ಸದ್ದಿಲ್ಲದೆ ಹತ್ತು ನಿಮಿಷ ಹೋಗಿ ಬಂದರೆ ಅವಕ್ಕೆ ಏನು ತೊಂದರೆ?

ಹಗಲು ಅವುಗಳ ರಾತ್ರಿ. ನಡುರಾತ್ರಿ ನಮ್ಮ ಮಲಗುವ ಕೋಣೆಗೆ ಹದಿನೈದು ಜನ ಟಾರ್ಚು ಬಿಟ್ಟುಕೊಂಡು ನುಗ್ಗಿದಂತೆ. ಎದ್ದು ಹಾರಿದ ಬಾವಲಿ ಹಗಲಿನಲ್ಲಿ ಹೊರಬಿದ್ದರೆ ಕಾಗೆ, ಗಿಡುಗದ ಬಾಯಿಗೆ. ಒಳಗೇ ಸುತ್ತಿದರೆ ರಾತ್ರಿಯ ಬೇಟೆಗೆಂದು ಇದ್ದ ಶಕ್ತಿ ಹಗಲಲ್ಲೇ ಖಾಲಿ. ಮರಿ ಇರುವ ಕಾಲದಲ್ಲಿ ಪೆಟ್ಟು ದೊಡ್ಡದು. ಹಲವು ಜಾತಿಗಳು ಮುಂಗಾರಿನ ಆಸುಪಾಸಿನಲ್ಲಿ ಮರಿ ಹಾಕುತ್ತವೆ.

ಬಹಳ ವರ್ಷಗಳ ಹಿಂದೆ, ನನಗೆ ಇದೆಲ್ಲ ಗೊತ್ತಿಲ್ಲದ ಕಾಲದಲ್ಲಿ, ಮೇ ತಿಂಗಳಲ್ಲಿ ಒಂದು ಗವಿಗೆ ಹನ್ನೆರಡು ಜನರನ್ನು ಕರೆದೊಯ್ದಿದ್ದೆ. ಯಾರೋ ಫ್ಲ್ಯಾಷ್ ಹೊಡೆದು ಚಿತ್ರ ತೆಗೆದರು. ಚಾವಣಿ ಕಳಚಿ ಬಿದ್ದಂತೆ ಬಾವಲಿಗಳು ಎದ್ದವು. ಸದ್ದು ಅಡಗಿದ ಮೇಲೆ ನೋಡಿದರೆ ನೆಲದ ಮೇಲೆ ಹೆಬ್ಬೆರಳಿನ ಗಾತ್ರದ, ಇನ್ನೂ ಕೂದಲು ಬಾರದ ಎರಡು ಮರಿಗಳು. ಒಂದು ಆಗಲೇ ಸತ್ತಿತ್ತು. ಇನ್ನೊಂದರ ಬಾಯಿ ತೆರೆದು ಮುಚ್ಚುತ್ತಿತ್ತು, ನಮಗೆ ಅದರ ಕೂಗು ಕೇಳುತ್ತಿರಲಿಲ್ಲ. ತಾಯಿ ಇಳಿದು ಬಂದೀತೆಂದು ದೂರ ಸರಿದು ಕಾದೆವು. ಬರಲಿಲ್ಲ. ಆ ದಿನ ಗುಂಪಿನಲ್ಲಿ ಯಾರೂ ಕೆಟ್ಟವರಿರಲಿಲ್ಲ. ಮೊದಲೇ ಹೇಳಬೇಕಾದವನು ನಾನು, ಹೇಳಿರಲಿಲ್ಲ.

ಬಾವಲಿಯಿಂದ ನಮಗೆ ರೋಗ ಬರುವುದಿಲ್ಲವೇ? ನಿಫಾ, ಕೊರೊನಾ?

ಬಿಳಿಮೂಗಿನ ರೋಗ ಮನುಷ್ಯರಿಗೆ ತಗಲುವುದಿಲ್ಲ. ಉಳಿದವನ್ನು ಒಂದೊಂದಾಗಿ ನೋಡೋಣ.

ಕೇರಳದಲ್ಲಿ 2018ರಿಂದ ಹಲವು ಬಾರಿ ಕಾಣಿಸಿಕೊಂಡ ನಿಫಾ ವೈರಸ್ಸಿನ ಆಶ್ರಯ ದೊಡ್ಡ ಹಣ್ಣುಬಾವಲಿ. ಅದು ಮರಗಳಲ್ಲಿ ಜೋತಾಡುವ ಪ್ರಾಣಿ, ಗವಿಯದಲ್ಲ. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ ಎಂಬ ಎಚ್ಚರಿಕೆ ಸರಿ. ಕೊರೊನಾ ಕಾಲದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು ಹಲವು ರಾಜ್ಯಗಳ ಹಣ್ಣುಬಾವಲಿಗಳನ್ನು ಪರೀಕ್ಷಿಸಿದ್ದರು. ಕೆಲವು ರಾಜ್ಯಗಳ ಮಾದರಿಗಳಲ್ಲಿ ಬಾವಲಿಗಳದೇ ಆದ ಕೊರೊನಾ ವೈರಸ್ ಸಿಕ್ಕಿತು, ಕೋವಿಡ್ ತಂದ ವೈರಸ್ ಅಲ್ಲ. ಕರ್ನಾಟಕದ ಮಾದರಿಗಳಲ್ಲಿ ಅದೂ ಸಿಗಲಿಲ್ಲ. ಆದರೂ ಆ ವರ್ಷ ಭಯಕ್ಕೆ ಬಿದ್ದ ಜನ ಬಾವಲಿ ಕೂರುವ ಮರಗಳನ್ನೇ ಕಡಿಸಲು ಹೊರಟದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಗವಿಯಲ್ಲಿ ನಿಜಕ್ಕೂ ಎಚ್ಚರ ಬೇಕಾದದ್ದು ಒಣ ಹಿಕ್ಕೆಯ ಧೂಳಿಗೆ. ಬಾವಲಿ ಹಿಕ್ಕೆ ಬೆರೆತ ಮಣ್ಣಿನಲ್ಲಿ ಹಿಸ್ಟೊಪ್ಲಾಸ್ಮಾ ಎಂಬ ಶಿಲೀಂಧ್ರ ಬೆಳೆಯಬಲ್ಲದು. ಧೂಳಿನೊಂದಿಗೆ ಶ್ವಾಸಕೋಶ ಹೊಕ್ಕರೆ ಜ್ವರ, ಕೆಮ್ಮು ತರುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಅಪಾಯ ಹೆಚ್ಚು. ಗವಿಗೆ ಹೋಗಿ ಬಂದ ಒಂದೆರಡು ವಾರದಲ್ಲಿ ಬಿಡದ ಜ್ವರ, ಎದೆನೋವು ಬಂದರೆ ಗವಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಿ. ಬಾವಲಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ವಿಚಾರಿಸಿ. ಉಗಾಂಡದ ಪೈಥಾನ್ ಗುಹೆಗೆ ಹೋಗಿದ್ದ ನೆದರ್ಲೆಂಡ್ಸ್‌ನ ಪ್ರವಾಸಿಯೊಬ್ಬರು 2008ರಲ್ಲಿ ಮಾರ್ಬರ್ಗ್ ಸೋಂಕಿನಿಂದ ತೀರಿಕೊಂಡರು. ಆ ವೈರಸ್ ಆಫ್ರಿಕಾದ್ದು. ಆದರೆ ಬಾವಲಿ ದಟ್ಟವಾಗಿರುವ ಗುಹೆಯಿಂದ ದೂರ ಇರುವುದು ನಮಗೂ ಒಳ್ಳೆಯದು, ಅವಕ್ಕೂ ಒಳ್ಳೆಯದು.

ಇನ್ನೊಂದು ದಿಕ್ಕನ್ನು ನಾವು ಮರೆಯುತ್ತೇವೆ. ನಮ್ಮ ಸೋಂಕು ಅವಕ್ಕೆ ಹೋಗಬಾರದು. ನೆಗಡಿ, ಜ್ವರ ಇದ್ದವರು ನಮ್ಮ ಗುಂಪಿನಲ್ಲಿ ಗವಿಯ ಹೊರಗೇ ಉಳಿಯುತ್ತಾರೆ.

ಇಷ್ಟೆಲ್ಲ ಇದ್ದರೆ ಎಲ್ಲ ಗವಿಗಳನ್ನೂ ಮುಚ್ಚಿಬಿಡುವುದು ಒಳ್ಳೆಯದಲ್ಲವೇ?

ಈ ಪ್ರಶ್ನೆಗೆ ನನ್ನ ಉತ್ತರ ವರ್ಷ ಕಳೆದಂತೆ ಬದಲಾಗಿದೆ. ಆ ಮರಿಗಳು ಬಿದ್ದ ದಿನ ಕೇಳಿದ್ದರೆ ಹೌದು, ಎಲ್ಲವನ್ನೂ ಮುಚ್ಚಿ ಎನ್ನುತ್ತಿದ್ದೆ.

ಅಮೆರಿಕದಲ್ಲಿ 2009ರಲ್ಲಿ ಮೀನು ಮತ್ತು ವನ್ಯಜೀವಿ ಇಲಾಖೆ ರೋಗ ಇರುವ ಮತ್ತು ಅದರ ನೆರೆಯ ರಾಜ್ಯಗಳ ಗುಹೆಗಳಿಗೆ ಹೋಗಬೇಡಿ ಎಂದು ಹವ್ಯಾಸಿಗಳನ್ನು ಕೇಳಿಕೊಂಡಿತು. ಎಷ್ಟೋ ಸರ್ಕಾರಿ ಜಮೀನಿನ ಗುಹೆಗಳು ಮುಚ್ಚಿದವು. ಆದರೂ ರೋಗ ಹಬ್ಬಿತು, ಏಕೆಂದರೆ ಅದನ್ನು ಮುಖ್ಯವಾಗಿ ಹೊತ್ತೊಯ್ಯುವವು ಬಾವಲಿಗಳೇ. ಹಾಗೆಂದು ಮನುಷ್ಯನ ಪಾಲು ಸುಳ್ಳಲ್ಲ. 2016ರಲ್ಲಿ ರೋಗ ಇದ್ದಕ್ಕಿದ್ದಂತೆ ಪಶ್ಚಿಮದ ವಾಷಿಂಗ್ಟನ್ ರಾಜ್ಯದಲ್ಲಿ ಕಂಡಿತು, ಅದುವರೆಗಿನ ಗಡಿಯಿಂದ ಸುಮಾರು 2,000 ಕಿಲೋಮೀಟರ್ ದೂರದಲ್ಲಿ. ಅಷ್ಟು ದೊಡ್ಡ ನೆಗೆತದ ಹಿಂದೆ ಮನುಷ್ಯನ ಕೈವಾಡವನ್ನು ಶಂಕಿಸಲು ಕಾರಣವಿದೆ. ಮುಚ್ಚುವುದರಿಂದ ಎಲ್ಲವೂ ನಿಲ್ಲುವುದಿಲ್ಲ, ತೆರೆದಿಟ್ಟರೆ ಏನೂ ಆಗುವುದಿಲ್ಲ ಎಂಬುದೂ ಸುಳ್ಳು. ಅಲ್ಲಿನ ಗುಹಾ ಹವ್ಯಾಸಿಗಳು ಮುಚ್ಚುವಿಕೆಗೆ ಎದುರಾಗಿ ಮಾತಾಡಿದ್ದೂ ಉಂಟು, ಬಾವಲಿ ಎಣಿಕೆಗೆ ವಿಜ್ಞಾನಿಗಳ ಜೊತೆ ಇಳಿದದ್ದೂ ಉಂಟು.

ನಮ್ಮಲ್ಲಿ ಎಲ್ಲ ಗವಿಗೂ ಒಂದೇ ಬೀಗ ಹಾಕಿದರೆ ನಡೆಯುವುದು ಇಷ್ಟೇ: ಹೇಳಿದ ಮಾತು ಕೇಳುವವರು ಹೋಗುವುದಿಲ್ಲ, ಕೇಳದವರು ಹೋಗಿಯೇ ಹೋಗುತ್ತಾರೆ. ಗಣಿಯವರು ಡೈನಮೈಟ್ ಇಟ್ಟಾಗ ನೋಡಿ ದೂರು ಕೊಡುವ ಕಣ್ಣೂ ಅಲ್ಲಿರುವುದಿಲ್ಲ. ನಾನು ಒಪ್ಪುವುದು ಗವಿಗವಿಗೂ ಬೇರೆ ನಿಯಮವನ್ನು. ಬಾವಲಿ ನೆಲೆ ಇರುವ ಗವಿ ಬಾವಲಿಯದು, ನಮಗೆ ಅಲ್ಲಿ ಕೆಲಸವಿಲ್ಲ. ನೆಲೆ ಇಲ್ಲದ ಬಂಡೆಸಂದುಗಳಲ್ಲಿ ತೆವಳಿ, ಹತ್ತಿ, ಬೆವರು ಸುರಿಸಿ ಬನ್ನಿ; ಆ ಸುಖವನ್ನು ನಾನು ಯಾರಿಂದಲೂ ಕಿತ್ತುಕೊಳ್ಳುವುದಿಲ್ಲ.

ಇದು ಬೆಂಗಳೂರಿನ ಸಾಹಸಿಗಳಿಗೆ ಹೊಸದೇನಲ್ಲ. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು. ಬಂಡೆ ಹತ್ತುವವರು ಹದ್ದುಗಳಿಗೆ ಆ ಬೆಟ್ಟ ಬಿಟ್ಟುಕೊಟ್ಟು ಸುತ್ತಲಿನ ಬೇರೆ ಬಂಡೆಗಳಿಗೆ ಹೋದರು. ಕಲೆ ಸಾಯಲಿಲ್ಲ.

ಯಾವ ಗವಿಯಲ್ಲಿ ನೆಲೆ ಇದೆ ಎಂದು ಒಳಗೆ ಹೋಗದೆ ತಿಳಿಯುವುದು ಹೇಗೆ?

ಮೂಗು ಮೊದಲು ಹೇಳುತ್ತದೆ. ಗವಿಯ ಬಾಯಲ್ಲೇ ಘಾಟು ಬಂದರೆ ನಿಂತುಬಿಡಿ. ಬಂಡೆಯ ಮೇಲೆ ಕಂದು ಕಲೆ, ನೆಲದಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಒಣ ಹಿಕ್ಕೆ, ಅದರಲ್ಲಿ ಹುಳುಗಳ ರೆಕ್ಕೆಚೂರು ಕಂಡರೂ ಅಷ್ಟೇ. ಎಲ್ಲಕ್ಕಿಂತ ಒಳ್ಳೆಯ ದಾರಿ, ಊರಿನ ಕುರಿ ಕಾಯುವವರನ್ನು ಕೇಳುವುದು. “ಅಣ್ಣಾ, ಈ ಗವಿಯಲ್ಲಿ ಕಣ್ಣುಕಪ್ಪಡಿ ಇವೆಯಾ?” ಎಂದರೆ ಯಾವ ಗವಿ, ಯಾವ ತಿಂಗಳು, ಎಷ್ಟು ಎಂಬುದೆಲ್ಲ ಅವರ ಬಾಯಲ್ಲಿ ಇರುತ್ತದೆ. ಬಾವಲಿ ಎಂದರೆ ಹಲವರಿಗೆ ಮರದ ದೊಡ್ಡ ಬಾವಲಿಯೇ ನೆನಪಾಗುವುದು. ಗವಿಯ ಚಿಕ್ಕದಕ್ಕೆ ಕಣ್ಣುಕಪ್ಪಡಿ ಎಂದೇ ಕೇಳಿ.

ಒಳಗೆ ಹೋದ ಮೇಲೆ ಬಾವಲಿ ಕಂಡರೆ?

ದೀಪ ತಗ್ಗಿಸಿ, ಕೆಂಪು ಬೆಳಕು ಇದ್ದರೆ ಅದಕ್ಕೆ ಬದಲಿಸಿ, ಮಾತು ನಿಲ್ಲಿಸಿ, ಬಂದ ದಾರಿಯಲ್ಲೇ ಹಿಂದಿರುಗಿ. ಫ್ಲ್ಯಾಷ್ ಬೇಡವೇ ಬೇಡ. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಎತ್ತಬೇಡಿ.

ಬೂಟು, ಬಟ್ಟೆ ತೊಳೆಯುವ ಸರಿಯಾದ ಕ್ರಮ ಯಾವುದು?

ಮೊದಲು ಗವಿಯ ಹೊರಗೇ ಬ್ರಷ್‌ನಿಂದ ಮಣ್ಣು ಉದುರಿಸಿ. ಮಣ್ಣು ಹಾಗೇ ಇದ್ದರೆ ಮುಂದಿನ ಯಾವ ತೊಳೆತವೂ ಫಲ ಕೊಡದು. ಬಟ್ಟೆ, ಬೂಟುಗಳನ್ನು ಬೇರೆ ಚೀಲದಲ್ಲಿ ಕಟ್ಟಿ ಮನೆಗೆ ತನ್ನಿ, ಸೋಪಿನಲ್ಲಿ ಒಗೆಯಿರಿ. ಬಿಳಿಮೂಗಿನ ಬೂಷ್ಟಿಗೆ ಅಮೆರಿಕದಲ್ಲಿ ಹೇಳುವ ಕ್ರಮ ಎಂದರೆ ಕನಿಷ್ಠ 55 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿಡುವುದು. ಬಕೆಟ್‌ಗೆ ತುಂಬಿದ ಗೀಸರ್ ನೀರು ಬೇಗ ಆರುತ್ತದೆ, ಆದ್ದರಿಂದ ಒಂದು ಥರ್ಮಾಮೀಟರ್ ಇಟ್ಟುಕೊಂಡು ನಡುವೆ ಬಿಸಿನೀರು ಸೇರಿಸುತ್ತಿರಿ. ಹಗ್ಗ ಮತ್ತು ಹಾರ್ನೆಸ್‌ಗಳಿಗೆ (ಹಗ್ಗಕ್ಕೆ ಸಿಕ್ಕಿಸಲು ಸೊಂಟಕ್ಕೆ ಕಟ್ಟುವ ಪಟ್ಟಿ) ಮಾತ್ರ ತಯಾರಕರ ಸೂಚನೆ ನೋಡದೆ ಬಿಸಿನೀರು, ಬ್ಲೀಚ್ ಹಾಕಬೇಡಿ. ನಿಮ್ಮ ಜೀವ ಅದರ ಮೇಲೆ ನಿಂತಿರುತ್ತದೆ. ಒಂದೇ ದಿನ ಎರಡು ಗವಿಗೆ ಹೋಗುವ ಕಾರ್ಯಕ್ರಮಗಳನ್ನು ನಾನು ನಿಲ್ಲಿಸಿದ್ದೇನೆ. ನಡುವೆ ತೊಳೆಯಲು ಸಮಯವಿರುವುದಿಲ್ಲ.

ದೇವರ ಗವಿಗಳಿಗೂ ಇದು ಅನ್ವಯಿಸುತ್ತದೆಯೇ?

ನಮ್ಮ ಊರಿನ ಹೆಸರಾಂತ ಗವಿ ಗವಿಪುರದ ಗಂಗಾಧರೇಶ್ವರನದು. ಸಂಕ್ರಾಂತಿಯ ಸಂಜೆ ಅಲ್ಲಿ ಸೂರ್ಯಕಿರಣ ಲಿಂಗ ಮುಟ್ಟುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಇಂಥ ನಿತ್ಯಪೂಜೆಯ ಗವಿಗಳ ಮಾತು ಬೇರೆ. ನಾನು ಹೇಳುವುದು ವರ್ಷಕ್ಕೊಮ್ಮೆ ಜಾತ್ರೆ ನಡೆದು ಉಳಿದ ದಿನ ಬಾವಲಿಗಳ ಪಾಲಿಗೆ ಬಿಟ್ಟ ಬೆಟ್ಟದ ಗವಿಗಳ ಬಗ್ಗೆ. ಅಲ್ಲಿನ ಪೂಜಾರಿಗಳ ಜೊತೆ ಜಗಳವಾಡಿ ಏನೂ ಆಗುವುದಿಲ್ಲ. ಕರ್ಪೂರ, ಧೂಪವನ್ನು ಬಾಗಿಲಲ್ಲೇ ಬೆಳಗಿ, ಒಳಗೆ ಎಣ್ಣೆದೀಪ ಮಾತ್ರ ಇಡೋಣವೇ, ಪಟಾಕಿ ಬೆಟ್ಟದ ಕೆಳಗೇ ಹಚ್ಚೋಣವೇ ಎಂದು ಕೇಳಿ ನೋಡಿ. ಹೊಗೆ ಹೋದಲ್ಲಿ ಬಾವಲಿ ನಿಲ್ಲುವುದಿಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಒಬ್ಬ ಹಿರಿಯ ಪೂಜಾರಿ ನನಗೆ ಹೇಳಿದ್ದರು: “ಅವೂ ಸ್ವಾಮಿಯ ಒಕ್ಕಲೇ ಅಲ್ಲವೇನಪ್ಪಾ.”

ಹೊಸ ಗವಿ ಸಿಕ್ಕಿದರೆ ಅದರ ಲೊಕೇಶನ್ ಹಂಚಿಕೊಳ್ಳಬಹುದೇ?

ದಯವಿಟ್ಟು ಬೇಡ. ಬಾವಲಿ ಇರುವ ಗವಿಯ ನಕ್ಷೆಯ ಗುರುತು ಒಮ್ಮೆ ಇನ್‌ಸ್ಟಾಗ್ರಾಂಗೆ ಹೋದರೆ ಮರಳಿ ಬರುವುದಿಲ್ಲ. ಹನುಮನಹಳ್ಳಿಯ ಹೆಸರು ಪತ್ರಿಕೆಗಳಲ್ಲಿ ಬಂದಿರುವುದರಿಂದ ಇಲ್ಲಿ ಬರೆದಿದ್ದೇನೆ, ಆದರೆ ದಾರಿ ಹೇಳುವುದಿಲ್ಲ. ಕೇಳಿದವರಿಗೂ ಹೇಳಿಲ್ಲ. ನೀವು ಕಂಡದ್ದನ್ನು ಅರಣ್ಯ ಇಲಾಖೆಗೋ ಬಾವಲಿ ಅಧ್ಯಯನ ಮಾಡುವವರಿಗೋ ತಿಳಿಸಿ. ಹೋವ್ಸ್ ಗುಹೆಯ ಆ ಚಿತ್ರ ಕೊನೆಗೆ ವಿಜ್ಞಾನಿಗಳ ಕೈಗೆ ಸೇರಿದ್ದರಿಂದಲೇ ರೋಗದ ಆರಂಭ ತಿಳಿಯಿತು.

ಗವಿಯ ಬಾಯಿಗೆ ಕಬ್ಬಿಣದ ಬಾಗಿಲು ಹಾಕಿದರೆ?

ತಗಡಿನ ಬಾಗಿಲು ಅಥವಾ ಜಾಲರಿ ಹಾಕಿದರೆ ಬಾವಲಿಗಳನ್ನು ಒಳಗೇ ಸಮಾಧಿ ಮಾಡಿದಂತೆ. ಬಾವಲಿಗೆಂದೇ ಮಾಡುವ ಬಾಗಿಲಿನಲ್ಲಿ ಅಡ್ಡ ಸರಳುಗಳ ನಡುವೆ ಸುಮಾರು 15 ಸೆಂಟಿಮೀಟರ್ ಬಿಡುತ್ತಾರೆ: ಮನುಷ್ಯ ನುಸುಳಲಾರ, ಬಾವಲಿ ಹಾರಬಲ್ಲದು. ಕೆಲವು ಜಾತಿಗಳು ಅದಕ್ಕೂ ಒಗ್ಗುವುದಿಲ್ಲ. ಇದು ಉತ್ಸಾಹಿಗಳು ಚಂದಾ ಎತ್ತಿ ಮಾಡಿಸುವ ಕೆಲಸವಲ್ಲ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ವನ್ಯಜೀವಿ ಧಾಮದೊಳಗೆ ಅನುಮತಿಯಿಲ್ಲದೆ ಹೋಗುವುದು ಅಪರಾಧ. ಬಾರಾಪೆಡೆಗೆ ಹಾಗೇ ನುಗ್ಗುವಂತಿಲ್ಲ. ಹಣ್ಣುಬಾವಲಿಗಳನ್ನು ಬಹಳ ಕಾಲ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಇಲಿ, ಕಾಗೆಗಳ ಸಾಲಿನಲ್ಲಿ ಪೀಡೆಗಳೆಂದು ಇಟ್ಟಿದ್ದರು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ತಡವಾಗಿಯಾದರೂ ಆದ ನ್ಯಾಯ.

ನನ್ನ ಮಕ್ಕಳಿಗೆ ಬಾವಲಿ ತೋರಿಸಬೇಕು. ಗವಿಯೊಳಗೆ ಹೋಗದೆ ಸಾಧ್ಯವೇ?

ಸಾಧ್ಯ, ಒಳಗಿಗಿಂತ ಹೊರಗೇ ಚೆನ್ನ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಗವಿಯ ಬಾಯಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಅವು ಹಾರುವ ದಾರಿಗೆ ಅಡ್ಡವಾಗದಂತೆ ಒಂದು ಬದಿಗೆ ಕೂರಿ. ಟಾರ್ಚು ಆರಿಸಿ. ತಿಂಡಿ ಪೊಟ್ಟಣದ ಸದ್ದೂ ಬೇಡ. ಮೊದಲು ಒಂದು ಹೊರಬಂದು ಬಂಡೆಗೆ ಒಂದು ಸುತ್ತು ಹಾಕಿ ಒಳಹೋಗುತ್ತದೆ, ಹೊರಗೆ ಎಷ್ಟು ಕತ್ತಲಾಗಿದೆ ಎಂದು ನೋಡಿ ಹೋಗಲು ಬಂದಂತೆ. ಸ್ವಲ್ಪ ಹೊತ್ತಿಗೆ ಎರಡು, ನಾಲ್ಕು. ಆಮೇಲೆ ಎಣಿಕೆ ತಪ್ಪುತ್ತದೆ. ಕಳೆದ ಬಾರಿ ನಮ್ಮ ಜೊತೆ ಬಂದಿದ್ದ ಏಳು ವರ್ಷದ ಹುಡುಗಿ ಬೆರಳು ಮಡಚುತ್ತ ಎಂಬತ್ತಮೂರರವರೆಗೆ ಎಣಿಸಿ, ಆಮೇಲೆ ಅಪ್ಪನ ಕಿವಿಯಲ್ಲಿ “ನೀವು ಎಣಿಸಿ” ಎಂದು ಪಿಸುಗುಟ್ಟಿ ಬಾಯಿ ತೆರೆದುಕೊಂಡು ಆಕಾಶ ನೋಡುತ್ತ ಕೂತಳು.